ಹಾಸಿಗೆ ಸರಿಯಿಲ್ಲವೇ? ಎದ್ದು ಕೂತು ಕೇಳಿ!

ಕೆಲಸದಲ್ಲಿ ಮೇಲೆ ಬರಬೇಕು, ಪರೀಕ್ಷೆಯಲ್ಲಿ ರ‍್ಯಾಂಕ್ ತೆಗೆಯಬೇಕು ಅಂದುಕೊಂಡವರು ನಿದ್ದೆಯ ವಿಷಯದಲ್ಲಿ ರಾಜಿ ಆಗಬಾರದು. ಪಿಜಿ ಬಿಟ್ಟು ಒಂದು ಸಣ್ಣ ಮನೆ ಮಾಡಿದ್ದೀರಿ. ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ಹೊಸ ಮ್ಯಾಟ್ರೆಸ್ ತಂದಿದ್ದೀರಿ. ತಿಂಗಳು ತುಂಬುವಷ್ಟರಲ್ಲಿ ಸೊಂಟ ಹಿಡಿದುಕೊಂಡಿದೆ, ನಡುವೆ ಗುಂಡಿ ಬಿದ್ದಿದೆ. ಅಂಗಡಿಯವರು "ಸೆಟ್ ಆಗುತ್ತೆ ಸಾರ್" ಅಂತಾರೆ. ಮನೆಯಲ್ಲಿ "ಹೋಗಲಿ ಬಿಡು, ಅಭ್ಯಾಸ ಆಗುತ್ತೆ" ಅಂತಾರೆ. ನೀವೂ ಸುಮ್ಮನಾಗುತ್ತೀರಿ. ಹೀಗೆ ಸುಮ್ಮನಾಗುವುದು ಒಂದು ಚಟ. ಬಿಡಿಸಿಕೊಳ್ಳಿ.

ಕೆಳಗಿನ ಸೂತ್ರಗಳೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ನಿಮ್ಮ ಕಿರಿಕಿರಿಯನ್ನು ಅಳತೆಗೆ ಇಳಿಸಿ. "ಮಲಗಿದರೆ ಹಿತ ಅನಿಸುವುದಿಲ್ಲ" ಅಂದರೆ ಕಸ್ಟಮರ್ ಕೇರ್‌ನವರು ಸಮಾಧಾನ ಹೇಳಿ ಫೋನ್ ಇಡುತ್ತಾರೆ. "ಎಡಭಾಗದಲ್ಲಿ ಒಂದೂವರೆ ಇಂಚು ಕುಸಿದಿದೆ, ಫೋಟೊ ಲಗತ್ತಿಸಿದ್ದೇನೆ" ಅಂದರೆ ಫೈಲ್ ಮುಂದೆ ಹೋಗುತ್ತದೆ.

1. ನಿಮ್ಮ ಕೇಸ್ ಯಾವ ಬಗೆಯದು, ಮೊದಲು ತೀರ್ಮಾನಿಸಿ

ಹಾಸಿಗೆ ತಕರಾರು ಮೂರು ಬಗೆ. ಹಾಸಿಗೆ ಸರಿಯಾಗಿಯೇ ಇದೆ, ಆದರೆ ನಿಮ್ಮ ಮೈಗೆ ಒಗ್ಗುತ್ತಿಲ್ಲ ಅನ್ನುವುದು ಮೊದಲನೆಯದು. ಹಾಸಿಗೆಯಲ್ಲೇ ದೋಷ ಇದೆ, ಅಂದರೆ ಕುಸಿತ, ಸ್ಪ್ರಿಂಗ್ ಚುಚ್ಚುವುದು, ಹೊಲಿಗೆ ಬಿಡುವುದು, ಒಳಗಿನ ಪದರ ಕಳಚುವುದು, ಇದು ಎರಡನೆಯದು. ಹೇಳಿದ್ದೊಂದು ಬಂದದ್ದೊಂದು ಅನ್ನುವುದು ಮೂರನೆಯದು.

ಎರಡನೆಯದು ಮತ್ತು ಮೂರನೆಯದು ಕಾನೂನಿನ ಹಕ್ಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದರ ಪ್ರಕಾರ ಕಾನೂನು ಕೇಳುವ ಗುಣಮಟ್ಟ, ಕರಾರಿನಲ್ಲಿ ಒಪ್ಪಿದ ಗುಣಮಟ್ಟ, ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ, ಇವುಗಳಲ್ಲಿ ಯಾವುದಕ್ಕೆ ಕೊರತೆ ಬಿದ್ದರೂ ಅದು ದೋಷವೇ. ಜಾಹೀರಾತಿನಲ್ಲಿ ಕೂಗಿದ್ದೂ ಲೆಕ್ಕಕ್ಕೆ ಬರುತ್ತದೆ.

ಮೊದಲನೆಯ ಬಗೆ ಸ್ವಲ್ಪ ಕಷ್ಟ. "ನನಗೆ ಇಷ್ಟ ಆಗಲಿಲ್ಲ, ವಾಪಸ್ ತಗೊಳ್ಳಿ" ಅನ್ನಲು ಭಾರತದಲ್ಲಿ ಸಾಮಾನ್ಯ ಕಾನೂನಿನ ಹಕ್ಕಿಲ್ಲ. ಕಂಪನಿ ತಾನಾಗಿ ಕೊಟ್ಟ ಟ್ರಯಲ್ ಪಾಲಿಸಿ ಎಷ್ಟೋ ಅಷ್ಟೇ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಜರ್ಮನಿಯ ಒಂದು ಆನ್‌ಲೈನ್ ಅಂಗಡಿ "ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ ಹಾಸಿಗೆಯನ್ನು ವಾಪಸ್ ತಗೊಳ್ಳಲ್ಲ, ಅದು ಶುಚಿತ್ವದ ಪ್ರಶ್ನೆ" ಅಂತ ವಾದ ಹೂಡಿತು. 2019ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ಬಟ್ಟೆ ಹಾಕಿ ನೋಡುವ ಹಾಗೆಯೇ ಹಾಸಿಗೆ ಬಿಚ್ಚಿ ನೋಡುವುದು, ತೊಳೆದು ಶುಚಿ ಮಾಡಿ ಮತ್ತೆ ಮಾರಬಹುದು ಅಂದಿತು. ಬರ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರು ಈ ತೀರ್ಪನ್ನು ಧೈರ್ಯವಾಗಿ ಬಳಸಿಕೊಳ್ಳಿ. ಬೆಂಗಳೂರಿನವರು ಮುಂದಿನ ಸೂತ್ರಕ್ಕೆ ಬನ್ನಿ.

2. ಟ್ರಯಲ್ ಮುಗಿಯುವ ತಾರೀಖನ್ನು ಇವತ್ತೇ ಕ್ಯಾಲೆಂಡರ್‌ಗೆ ಹಾಕಿ

ರೋಲ್ ಮಾಡಿ ಬಾಕ್ಸ್‌ನಲ್ಲಿ ಕಳಿಸುವ ಬ್ರ್ಯಾಂಡ್‌ಗಳು ಬಂದ ಮೇಲೆ "100 ರಾತ್ರಿ ಟ್ರಯಲ್" ಅನ್ನುವುದು ಮಾಮೂಲಿ ಆಗಿದೆ. ಒಳ್ಳೆಯದೇ. ಆದರೆ 100 ರಾತ್ರಿ ಅಂದರೆ ಡೆಲಿವರಿ ದಿನದಿಂದಲೋ ಆರ್ಡರ್ ದಿನದಿಂದಲೋ? ಷರತ್ತು ಓದಿ. ಕೊನೆಯ ದಿನಕ್ಕಿಂತ ಎರಡು ವಾರ ಮೊದಲೇ ಅಲಾರಂ ಇಡಿ. 101ನೇ ದಿನ ಮಾಡಿದ ಮೇಲ್‌ಗೆ ಬೆಲೆಯಿಲ್ಲ.

ಷರತ್ತಿನಲ್ಲಿ ಇನ್ನೂ ನಾಲ್ಕು ವಿಷಯ ಹುಡುಕಿ. ಕನಿಷ್ಠ ಇಷ್ಟು ರಾತ್ರಿ ಮಲಗಿರಲೇಬೇಕು ಅಂತ ಇದೆಯೇ? ಪಿಕಪ್ ಖರ್ಚು ಯಾರದು? ರಿಫಂಡ್ ಬ್ಯಾಂಕ್ ಖಾತೆಗೋ, ಕೂಪನ್ ರೂಪದಲ್ಲೋ? ಕಲೆ ಬಿದ್ದರೆ ಟ್ರಯಲ್ ರದ್ದೇ? ಕೊನೆಯ ಪ್ರಶ್ನೆಗೆ ಉತ್ತರ ಬಹುಪಾಲು "ಹೌದು". ಆದ್ದರಿಂದ ಮೊದಲ ರಾತ್ರಿಯಿಂದಲೇ ಪ್ರೊಟೆಕ್ಟರ್ ಹಾಕಿ, ಹಾಸಿಗೆ ಮೇಲೆ ಕೂತು ಊಟ ಮಾಡಬೇಡಿ. ಒಂದು ಲೋಟ ಕಾಫಿ ಚೆಲ್ಲಿದರೆ 18 ಸಾವಿರದ ಹಕ್ಕು ಹೋಗುತ್ತದೆ.

ಹಾಗಂತ ಮೂರನೇ ದಿನವೇ ಗಲಾಟೆ ಎಬ್ಬಿಸಬೇಡಿ. ಬಾಕ್ಸ್‌ನಿಂದ ಬಿಚ್ಚಿದ ಫೋಮ್ ಪೂರ್ತಿ ಉಬ್ಬಲು ಒಂದರಿಂದ ಮೂರು ದಿನ ಬೇಕು. ಹೊಸ ಫೋಮ್‌ನ ವಾಸನೆ ಕೆಲವು ದಿನ ಇರುತ್ತದೆ. ಕಿಟಕಿ ತೆರೆದಿಡಿ. ಮೈಯೂ ಹೊಂದಿಕೊಳ್ಳಲು ಎರಡು ಮೂರು ವಾರ ಕೇಳುತ್ತದೆ. ಅಷ್ಟು ಸಮಯ ಕೊಡಿ, ಆದರೆ ಟಿಪ್ಪಣಿ ಬರೆಯುತ್ತಾ ಕೊಡಿ.

3. ಕಾಗದ ಪತ್ರಕ್ಕೆ ಒಂದು ಫೋಲ್ಡರ್ ಮಾಡಿ

ಬಿಲ್, ವಾರಂಟಿ ಕಾರ್ಡ್, ಲೇಬಲ್‌ನ ಫೋಟೊ, ಆರ್ಡರ್ ಪೇಜ್‌ನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ. ಎಲ್ಲ ಒಂದೇ ಕಡೆ. ಆರ್ಡರ್ ಪೇಜ್ ಮುಖ್ಯ, ಏಕೆಂದರೆ ವೆಬ್‌ಸೈಟ್‌ನಲ್ಲಿ ಬರೆದದ್ದು ಬದಲಾಗುತ್ತಿರುತ್ತದೆ. ಹಾಸಿಗೆಗೆ ಹೊಲಿದ ಲೇಬಲ್ ಕೀಳಬೇಡಿ. ವಾರಂಟಿ ಕೇಳುವಾಗ ಅದರ ನಂಬರ್ ಬೇಕು.

ಬಿಲ್‌ನಲ್ಲಿ ಬ್ರ್ಯಾಂಡ್, ಮಾಡೆಲ್, ಸೈಜ್, ದಪ್ಪ ನಾಲ್ಕೂ ಬರೆಸಿ. ಮಣಿಪಾಲದ ಪೈ ಮನೆತನದವರು 1962ರಲ್ಲಿ ಕಟ್ಟಿದ ಕಂಪನಿಯಿಂದಾಗಿ ನಮ್ಮ ಎಷ್ಟೋ ಮನೆಗಳಲ್ಲಿ ನಾರಿನ ಹಾಸಿಗೆಗೆಲ್ಲ ಕರ್ಲಾನ್ ಅಂತಲೇ ಹೆಸರು ಬಿದ್ದಿದೆ. "ಕರ್ಲಾನ್ ಕೊಡಿ" ಅಂತ ಕೇಳಿ, "ಕಾಯರ್ ಬೆಡ್" ಅಂತ ಬರೆದ ಬಿಲ್ ತಗೊಂಡು ಬಂದರೆ ನಾಳೆ ಯಾವ ಕಂಪನಿಯನ್ನು ಕೇಳುತ್ತೀರಿ? ಹಾಸಿಗೆ ಹೊಲಿಯುವವರ ಹತ್ತಿರ ಬೂರುಗದ ಹತ್ತಿ ತುಂಬಿಸಿದರೂ ಹಾಗೆಯೇ. ಎಷ್ಟು ಕಿಲೋ ಹತ್ತಿ, ಕಿಲೋಗೆ ಎಷ್ಟು ರೇಟು ಅಂತ ಒಂದು ಚೀಟಿ ಬರೆಸಿ.

"ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವ ಮಾತಿಗೆ ಬೀಳಬೇಡಿ. ಬಿಲ್ ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೇಳಿ ಪಡೆಯಿರಿ.

4. ಅಳೆಯಿರಿ, ತೂಗಿರಿ, ಫೋಟೊ ತೆಗೆಯಿರಿ

ಇಡೀ ಆಟ ನಡೆಯುವುದು ಇಲ್ಲಿ. ಒಂದು ಭಾನುವಾರದ ಬೆಳಿಗ್ಗೆ ಮೀಸಲಿಡಿ. ಬೇಕಾದದ್ದು ಟೇಪು, ಸ್ಟೀಲ್ ಸ್ಕೇಲ್, ಗಟ್ಟಿ ದಾರ.

ಮೊದಲು ಉದ್ದ, ಅಗಲ, ದಪ್ಪ. ಕ್ವೀನ್ ಸೈಜ್ ಅಂದರೆ ಸಾಮಾನ್ಯವಾಗಿ 78 ಇಂಚು ಉದ್ದ, 60 ಇಂಚು ಅಗಲ. ಕಿಂಗ್ ಅಂದರೆ 78ಕ್ಕೆ 72. ಕೆಲವರು 72 ಅಥವಾ 75 ಇಂಚು ಉದ್ದದ್ದನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಖರ್ಚಿನ ಲೆಕ್ಕಕ್ಕೆ. 78 ಅಂತ ಬಿಲ್ ಹಾಕಿ 75 ಕಳಿಸಿದರೆ ಕಾಲು ಮಡಚಿಕೊಳ್ಳಬೇಡಿ, ಫೋನ್ ಎತ್ತಿ. ಅರ್ಧ ಇಂಚಿನ ಹೆಚ್ಚು ಕಡಿಮೆಗೆ ಮಾತ್ರ ಜಗಳ ಬೇಡ. ಅಷ್ಟು ರಿಯಾಯಿತಿ ಕಂಪನಿಗಳು ಷರತ್ತಿನಲ್ಲೇ ಬರೆದುಕೊಂಡಿರುತ್ತವೆ.

ಆಮೇಲೆ ಗುಂಡಿ. ಬೆಡ್‌ಶೀಟ್, ಪ್ರೊಟೆಕ್ಟರ್ ತೆಗೆಯಿರಿ. ಕೆಲವು ಗಂಟೆ ಯಾರೂ ಮಲಗಬೇಡಿ, ಫೋಮ್ ಮೇಲೆದ್ದು ಬರಲಿ. ನಂತರ ದಾರವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಿಗಿಯಾಗಿ ಎಳೆದು ಹಿಡಿಸಿ. ಎರಡು ಕಡೆ ಹಿಡಿಯಲು ರೂಮ್‌ಮೇಟ್‌ಗಳನ್ನು ಕರೆಯಿರಿ. ದಾರದಿಂದ ಗುಂಡಿಯ ತಳಕ್ಕೆ ಸ್ಕೇಲ್ ನಿಲ್ಲಿಸಿ, ಅಂಕಿ ಕಾಣುವಂತೆ ಹತ್ತಿರದಿಂದ ಒಂದು ಫೋಟೊ, ಇಡೀ ಹಾಸಿಗೆ ಕಾಣುವಂತೆ ದೂರದಿಂದ ಒಂದು ಫೋಟೊ ತೆಗೆಯಿರಿ. ವಾರಂಟಿ ಕಾರ್ಡಿನಲ್ಲಿ ಎಷ್ಟು ಕುಸಿದರೆ ದೋಷ ಅಂತ ಬರೆದಿರುತ್ತದೆ. ಒಂದು ಇಂಚು, ಒಂದೂವರೆ ಇಂಚು ಅನ್ನುವ ಮಿತಿ ಹೆಚ್ಚಾಗಿ ಕಾಣುತ್ತದೆ. ಮಲಗಿದಾಗ ತಗ್ಗುವುದು ಫೋಮ್‌ನ ಸ್ವಭಾವ. ಎದ್ದ ಮೇಲೂ ತಗ್ಗಿಯೇ ಇದ್ದರೆ ಅದು ದೋಷ. ಮುಂದಿನ ಎರಡು ಮೂರು ಭಾನುವಾರ ಇದೇ ಅಳತೆ ಮತ್ತೆ ತಗೊಳ್ಳಿ. ಕುಸಿತ ಹೆಚ್ಚುತ್ತಾ ಹೋದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತೂಕ ಹಾಕುವುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಅಂಗಡಿಯಲ್ಲಿ "40 ಡೆನ್ಸಿಟಿ ಫೋಮ್" ಅಂತಾರಲ್ಲ, ಅದರರ್ಥ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗಬೇಕು ಅಂತ. ಲೆಕ್ಕ ಸುಲಭ. 78, 60, 6 ಇಂಚಿನ ಹಾಸಿಗೆಯ ಗಾತ್ರ ಸುಮಾರು 0.46 ಘನ ಮೀಟರ್. 40 ಡೆನ್ಸಿಟಿ ಆದರೆ ತೂಕ 18 ಕಿಲೋ ದಾಟಬೇಕು. 32 ಡೆನ್ಸಿಟಿ ಆದರೆ 15 ಕಿಲೋ ಒಳಗೇ ನಿಲ್ಲುತ್ತದೆ. ಕವರ್‌ನ ತೂಕ ಇದರ ಮೇಲೆ ಸ್ವಲ್ಪ ಸೇರುತ್ತದೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಸಾಕು. ಬೇರೆ ಬೇರೆ ಡೆನ್ಸಿಟಿಯ ಪದರ ಇದ್ದರೆ, ಸ್ಪ್ರಿಂಗ್ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಇಡೀ ಹಾಸಿಗೆ ಒಂದೇ ಫೋಮ್ ಅಂತ ಹೇಳಿ ಮಾರಿದ್ದರೆ ನಡೆಯುತ್ತದೆ. ಇದು ಲ್ಯಾಬ್ ವರದಿ ಅಲ್ಲ, ನಿಜ. ಆದರೆ "ನಿಮ್ಮ 40 ಡೆನ್ಸಿಟಿ ಹಾಸಿಗೆ 14 ಕಿಲೋ ತೂಗುತ್ತಿದೆ, ಯಾಕೆ?" ಅನ್ನುವ ಪ್ರಶ್ನೆಗೆ ಸ್ಕ್ರಿಪ್ಟ್ ನೋಡಿ ಉತ್ತರ ಕೊಡಲು ಯಾವ ಕಾಲ್ ಸೆಂಟರ್‌ಗೂ ಆಗದು.

5. ಮಂಚವನ್ನು ಮೊದಲು ನೀವೇ ಪರೀಕ್ಷಿಸಿ

ದೂರು ಕೊಟ್ಟ ಕೂಡಲೇ ಕಂಪನಿ ಕೇಳುವ ಮೊದಲ ಫೋಟೊ ಮಂಚದ್ದು. ಪಟ್ಟಿಗಳ ನಡುವೆ ಅಂತರ ಹೆಚ್ಚಿದ್ದರೆ, ಪ್ಲೈವುಡ್ ಬಗ್ಗಿದ್ದರೆ ತಪ್ಪು ಅಲ್ಲಿಗೇ ಹಾಕುತ್ತಾರೆ. ಎರಡು ರಾತ್ರಿ ಹಾಸಿಗೆಯನ್ನು ನೆಲದ ಮೇಲೆ ಹಾಕಿ ಮಲಗಿ. ನೆಲದ ಮೇಲೂ ಗುಂಡಿ ಇದ್ದರೆ ಮತ್ತೆ ಅಳೆದು ಫೋಟೊ ತೆಗೆಯಿರಿ, ಅವರ ವಾದ ಮುಗಿಯಿತು. ಗುಂಡಿ ಮಾಯವಾದರೆ ಬಡಗಿಗೆ ಫೋನ್ ಮಾಡಿ.

6. "ಮಾರಿದ ಮಾಲು ವಾಪಸ್ ಇಲ್ಲ" ಅನ್ನುವ ಸಾಲಿಗೆ ಹೆದರಬೇಡಿ

ಬಿಲ್‌ನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಈ ಸಾಲು ಓದಿಯೇ ಅರ್ಧ ಜನ ಕೈ ಚೆಲ್ಲುತ್ತಾರೆ. ದೋಷ ಇರುವ ಮಾಲಿಗೆ ಅದು ಅನ್ವಯಿಸುವುದಿಲ್ಲ. ದೋಷದ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಅಂತ ಕಾಯ್ದೆಯ 2(47)ನೇ ಕಲಮು ಹೇಳುತ್ತದೆ. ಬಿಲ್‌ನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ. ಅಂಗಡಿಯಲ್ಲಿ ಕೂಗಾಡಬೇಡಿ. ಕಲಮಿನ ಸಂಖ್ಯೆ ಹೇಳಿ, ಸುಮ್ಮನೆ ನಿಲ್ಲಿ.

7. ಸೇಲ್ಸ್‌ಮನ್ ಹೇಳಿದ್ದನ್ನು ವಾಟ್ಸಾಪ್‌ಗೆ ತನ್ನಿ

ನಮ್ಮ ಮಾಲು ಮಾರಾಟ ಕಾಯ್ದೆ 1930ರದ್ದು. ಹಳೆಯದಾದರೂ ಹರಿತ ಕಡಿಮೆಯಾಗಿಲ್ಲ. ಅದರಲ್ಲಿ ಎರಡು ಮಾತು ನಿಮಗಾಗಿಯೇ ಬರೆದಂತಿವೆ. ಸ್ಯಾಂಪಲ್ ತೋರಿಸಿ ಮಾರಿದರೆ ಮನೆಗೆ ಬರುವ ಮಾಲು ಆ ಸ್ಯಾಂಪಲ್‌ನಂತೆಯೇ ಇರಬೇಕು, ಇದು 17ನೇ ಕಲಮು. ನಿಮ್ಮ ಅಗತ್ಯ ಇಂಥದ್ದು ಅಂತ ಹೇಳಿ, ಮಾರುವವರ ತಿಳಿವಳಿಕೆ ನಂಬಿ ಕೊಂಡರೆ ಮಾಲು ಆ ಅಗತ್ಯಕ್ಕೆ ಒದಗಬೇಕು, ಇದು 16ನೇ ಕಲಮು.

ಹಾಗಾಗಿ ಕೊಳ್ಳುವ ಮೊದಲು ಅಂಗಡಿಯ ನಂಬರಿಗೆ ಒಂದು ಮೆಸೇಜ್ ಹಾಕಿ: "ಅಣ್ಣಾ, ನನ್ನ ತೂಕ 92 ಕಿಲೋ, ಗಟ್ಟಿ ಹಾಸಿಗೆ ಬೇಕು ಅಂದಿದ್ದೆ. ನೀವು ತೋರಿಸಿದ 8 ಇಂಚಿನದು ನನಗೆ ಸರಿಹೋಗುತ್ತೆ ತಾನೇ?" ಅವರು "ಪಕ್ಕಾ ಸಾರ್" ಅಂತ ಉತ್ತರಿಸಿದರೆ ಆ ಎರಡು ಪದ ನಿಮ್ಮ ಆಸ್ತಿ. ಈಗಾಗಲೇ ಕೊಂಡಾಗಿದೆಯೇ? ಆಗಲೂ ಬರೆಯಿರಿ: "ಶೋರೂಮ್‌ನಲ್ಲಿ ಮಲಗಿ ನೋಡಿದ್ದು ಗಟ್ಟಿಯಿತ್ತು, ಮನೆಗೆ ಬಂದದ್ದು ಮೆತ್ತಗಿದೆ, ಒಂದೇ ಮಾಡೆಲ್ ತಾನೇ?" ಉತ್ತರ ಏನೇ ಬಂದರೂ ನಿಮಗೆ ಲಾಭ. ಬೇಗ ಬರೆಯಬೇಕು, ಅಷ್ಟೇ. ಬೇಡ ಅಂತ ತಿಳಿಸದೆ ಬಹಳ ದಿನ ಇಟ್ಟುಕೊಂಡರೆ ಮಾಲನ್ನು ಒಪ್ಪಿಕೊಂಡಂತೆ ಅಂತಲೂ ಅದೇ ಕಾಯ್ದೆ ಹೇಳುತ್ತದೆ.

8. ಬೆನ್ನುನೋವನ್ನು ಸಾಬೀತು ಮಾಡಲು ಹೊರಡಬೇಡಿ

ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಾಗಿ ಕೂರುವವರ ಬೆನ್ನುನೋವಿಗೆ ಹಾಸಿಗೆಯೊಂದೇ ಕಾರಣ ಅಂತ ತೋರಿಸುವುದು ತುಂಬಾ ಕಷ್ಟ. ಎದುರು ವಕೀಲರು ನಿಮ್ಮ ಕುರ್ಚಿ, ಸ್ಕೂಟರ್, ಜಿಮ್ ಎಲ್ಲ ಎಳೆದು ತರುತ್ತಾರೆ. ಹಾಸಿಗೆಯ ದೋಷ ಸಾಬೀತು ಮಾಡಿ. ಡಾಕ್ಟರ್ ಚೀಟಿ ಇದ್ದರೆ ಬೆಂಬಲಕ್ಕೆ ಇರಲಿ, ಮುಂದೆ ನಿಲ್ಲಿಸಬೇಡಿ.

"ಆರ್ಥೋಪೆಡಿಕ್" ಅಂತ ಹೆಸರಿಟ್ಟ ಮಾತ್ರಕ್ಕೆ ಹಾಸಿಗೆ ಔಷಧಿ ಆಗುವುದಿಲ್ಲ. ಬೆನ್ನಿಗೆ ಕಲ್ಲಿನಂಥ ಹಾಸಿಗೆಯೇ ಬೇಕು ಅನ್ನುವುದೂ ಹಳೆಯ ನಂಬಿಕೆ. ಸ್ಪೇನ್‌ನಲ್ಲಿ ದೀರ್ಘಕಾಲದ ಸೊಂಟನೋವು ಇದ್ದ 313 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 90 ದಿನದ ಕೊನೆಗೆ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಹಾಸಿಗೆಯಲ್ಲಿ ಮಲಗಿದವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. ಬದಲಿ ಹಾಸಿಗೆ ಆರಿಸುವಾಗ ಇದು ನೆನಪಿರಲಿ. "ನಮ್ಮ ಹಾಸಿಗೆ ಸ್ಲಿಪ್ ಡಿಸ್ಕ್ ವಾಸಿ ಮಾಡುತ್ತದೆ" ಅಂತ ಯಾರಾದರೂ ಜಾಹೀರಾತು ಕೊಟ್ಟಿದ್ದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

9. ಫೋನ್ ಸಾಕು ಮಾಡಿ, ಮೇಲ್ ಬರೆಯಿರಿ

ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಮೇಲ್ ಉಳಿಯುತ್ತದೆ. ಸಿಟ್ಟು, ವ್ಯಂಗ್ಯ, ದೊಡ್ಡಕ್ಷರದ ಶಾಪ ಏನೂ ಬೇಡ. ಆಫೀಸಿನಲ್ಲಿ ಒಳ್ಳೆಯ ಮೇಲ್ ಬರೆಯುವ ಕೌಶಲ ಇಲ್ಲೂ ಅದೇ. ಹೀಗೆ ಬರೆಯಿರಿ:

"ಮಾನ್ಯರೇ, ಜೂನ್ 3ರಂದು ನಿಮ್ಮಿಂದ 78×60×6 ಇಂಚಿನ ಹಾಸಿಗೆಯನ್ನು 18,400 ರೂಪಾಯಿಗೆ ಕೊಂಡಿದ್ದೇನೆ. ಬಿಲ್ ಲಗತ್ತಿಸಿದೆ. ಜೂನ್ 29ರಂದು ಅಳೆದಾಗ ಎಡಭಾಗದಲ್ಲಿ 1.6 ಇಂಚು ಶಾಶ್ವತ ಕುಸಿತ ಕಂಡಿದೆ. ನೆಲದ ಮೇಲೆ ಹಾಕಿ ಅಳೆದಾಗಲೂ ಅಷ್ಟೇ ಇದೆ. ಫೋಟೊಗಳು ಲಗತ್ತಾಗಿವೆ. ನಿಮ್ಮ ವಾರಂಟಿ ಪ್ರಕಾರ 1 ಇಂಚು ಮೀರಿದ ಕುಸಿತ ದೋಷ. ಪೂರ್ತಿ ಹಣ ಹಿಂತಿರುಗಿಸಿ, ಇಲ್ಲವೇ ಇದೇ ಮಾಡೆಲ್‌ನ ಹೊಸ ಹಾಸಿಗೆ ಕೊಡಿ. 15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ."

ಇಷ್ಟೇ. ತಾರೀಖು, ಅಳತೆ, ಬೇಡಿಕೆ, ಗಡುವು. "ದಯವಿಟ್ಟು ಏನಾದರೂ ಮಾಡಿ" ಅನ್ನುವ ಸಾಲು ಬೇಡವೇ ಬೇಡ. ಏನು ಮಾಡಬೇಕು ಅಂತ ನೀವೇ ಹೇಳಿ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ, ಉತ್ತರ ಕೊಡುವುದು ಅವರ ಕೆಲಸ.

10. ಆನ್‌ಲೈನ್ ಖರೀದಿಯೇ? ಗಡಿಯಾರ ನಿಮ್ಮ ಕಡೆ ಇದೆ

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರ ಹೆಸರು, ವಿಳಾಸ ವೆಬ್‌ಸೈಟ್‌ನಲ್ಲೇ ಇರಬೇಕು. ಪುಟದ ಬುಡಕ್ಕೆ ಇಳಿದು ಹುಡುಕಿ. ಚಾಟ್‌ಬಾಟ್ ಜೊತೆ ಅರ್ಧ ದಿನ ಕಳೆಯಬೇಡಿ.

ದೋಷದ ಮಾಲನ್ನಾಗಲಿ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನಾಗಲಿ ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಅನ್ನುವುದೂ ಅದೇ ನಿಯಮದಲ್ಲಿದೆ. "ನಾವು ಬರೀ ಪ್ಲಾಟ್‌ಫಾರ್ಮ್, ಮಾರಿದವರನ್ನು ಕೇಳಿ" ಅಂದರೆ ಮಾರಿದವರ ವಿಳಾಸ ಲಿಖಿತವಾಗಿ ಕೇಳಿ. "ಎರಡೇ ಉಳಿದಿವೆ, ಬೇಗ ಕೊಳ್ಳಿ" ಅಂತ ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಷೇಧಿಸಿದೆ. ಅಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

11. ಇಎಂಐ ನಿಲ್ಲಿಸಬೇಡಿ

ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಹಾಸಿಗೆ ಕಂಪನಿಗೆ ಏನೂ ಆಗುವುದಿಲ್ಲ, ನಿಮ್ಮ ಸಿಬಿಲ್ ಸ್ಕೋರ್ ಬೀಳುತ್ತದೆ. ಸಾಲ ಬ್ಯಾಂಕಿನದು, ತಕರಾರು ಅಂಗಡಿಯದು. ಎರಡನ್ನೂ ಬೇರೆ ಇಡಿ.

12. 1915ಕ್ಕೆ ಕರೆ ಮಾಡಿ

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಶುಲ್ಕವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಕಾಲ್ ಸೆಂಟರ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಫೈಲ್ ಎದ್ದು ಕೂರಲು ಎಷ್ಟೋ ಸಲ ಇಷ್ಟೇ ಸಾಕು. ದೂರಿನ ನಂಬರ್ ಬರೆದುಕೊಳ್ಳಿ.

13. ಆಯೋಗಕ್ಕೆ ಹೋಗಲು ಕರಿಕೋಟು ಬೇಕಿಲ್ಲ

"ಕೋರ್ಟು ಕಚೇರಿ ನಮಗ್ಯಾಕೆ?" ಇದು ಅಜ್ಜನ ಕಾಲದ ಭಯ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ನಿಮ್ಮ ಕೇಸ್ ನೀವೇ ನಡೆಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಸಾಮಾನ್ಯ ಹಾಸಿಗೆ ಯಾವುದೂ ಅಷ್ಟಾಗುವುದಿಲ್ಲ. ನೀವು ಇರುವ ಊರಲ್ಲೇ ಅಥವಾ ದುಡಿಯುವ ಊರಲ್ಲೇ ದೂರು ಹಾಕಬಹುದು. ಕಂಪನಿ ದೆಹಲಿಯಲ್ಲಿದ್ದರೂ ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಆಯೋಗಕ್ಕೇ ಹೋದರೆ ಆಯಿತು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಇದೆ, ಮನೆಯಿಂದಲೇ ಸಲ್ಲಿಸಬಹುದು. ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಲೂ ಕಾಯ್ದೆ ಅವಕಾಶ ಕೊಡುತ್ತದೆ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಿ.

ಮಾರಿದವರು, ತಯಾರಿಸಿದವರು, ಪ್ಲಾಟ್‌ಫಾರ್ಮ್, ಮೂವರನ್ನೂ ಪ್ರತಿವಾದಿ ಮಾಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನೋಟಿಸ್ ತಲುಪಿದ ಮೇಲೆ ಅವರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಈ 45 ದಿನ ದಾಟಿದರೆ ಮತ್ತೆ ಅವಕಾಶ ಕೊಡುವ ಅಧಿಕಾರ ಆಯೋಗಕ್ಕಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಹಳೆಯ ಕಾಯ್ದೆಯಡಿ ಹೇಳಿದೆ. ಹೊಸ ಕಾಯ್ದೆಯಲ್ಲೂ ಇರುವುದು ಅದೇ ಗಡುವು. ಫೋಮ್ ಪರೀಕ್ಷೆ ಬೇಕಾದರೆ ಆಯೋಗವೇ ಲ್ಯಾಬ್‌ಗೆ ಕಳಿಸುತ್ತದೆ. ಖರ್ಚನ್ನು ಮೊದಲು ನೀವು ಕಟ್ಟಬೇಕು. ಪರೀಕ್ಷೆ ಬೇಡದ ಕೇಸ್ ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ತಾಳ್ಮೆಯನ್ನೂ ಪ್ಲಾನ್‌ನಲ್ಲಿ ಸೇರಿಸಿಕೊಳ್ಳಿ. ನಡುವೆ ಮಧ್ಯಸ್ಥಿಕೆಗೆ ಕರೆದರೆ ಹೋಗಿ, ಅರ್ಧ ದಿನದಲ್ಲಿ ಇತ್ಯರ್ಥ ಆಗಬಹುದು.

ಒಂದು ಎಚ್ಚರಿಕೆ. 18 ಸಾವಿರದ ಹಾಸಿಗೆಗೆ 10 ಲಕ್ಷದ ಮಾನಸಿಕ ಯಾತನೆ ಕೇಳಬೇಡಿ. ಬೆಲೆ, ಅದರ ಮೇಲೆ ಬಡ್ಡಿ, ನ್ಯಾಯವೆನಿಸುವಷ್ಟು ಪರಿಹಾರ, ಕೇಸಿನ ಖರ್ಚು ಕೇಳಿ. ಲೆಕ್ಕ ಇಟ್ಟು ಮಾತಾಡುವವರ ಮಾತಿಗೆ ಎಲ್ಲ ಕಡೆ ತೂಕ ಹೆಚ್ಚು.

14. ನೀವು "ಗ್ರಾಹಕ" ಹೌದೋ ಅಲ್ಲವೋ ನೋಡಿಕೊಳ್ಳಿ

ಮಗಳ ಮದುವೆಗೆ ಅಪ್ಪ ಮಂಚ ಹಾಸಿಗೆ ಕೊಡಿಸಿದ್ದಾರೆ, ಬಿಲ್ ಅಪ್ಪನ ಹೆಸರಲ್ಲಿದೆ. ಚಿಂತೆಯಿಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ದೊಡ್ಡ ವ್ಯಾಪಾರವಾಗಿ ಪಿಜಿ ನಡೆಸಲು 40 ಹಾಸಿಗೆ ಕೊಂಡವರು ಮಾತ್ರ ಈ ಬಾಗಿಲಲ್ಲಿ ಸಿಕ್ಕಿಬೀಳಬಹುದು, ವಾಣಿಜ್ಯ ಉದ್ದೇಶದ ಖರೀದಿ ಇದರ ಹೊರಗೆ. ಸ್ವಂತ ಜೀವನೋಪಾಯಕ್ಕೆ ಸ್ವಯಂ ಉದ್ಯೋಗ ಮಾಡುವವರಿಗೆ ವಿನಾಯಿತಿ ಇದೆ.

15. ಹಾಸಿಗೆ ಬಾಗಿಲು ದಾಟುವ ಮುನ್ನ ಸಹಿ ಪಡೆಯಿರಿ

ಕಂಪನಿ ಒಪ್ಪಿತು, ಪಿಕಪ್ ಹುಡುಗರು ಬಂದರು. ಖುಷಿಯಲ್ಲಿ ಎತ್ತಿ ಕೊಟ್ಟುಬಿಡಬೇಡಿ. ಮಾಡೆಲ್, ಲೇಬಲ್ ನಂಬರ್, ತಾರೀಖು, ಸ್ಥಿತಿ ಬರೆದ ಪಿಕಪ್ ಚೀಟಿಗೆ ಅವರ ಸಹಿ ಹಾಕಿಸಿ. ಲಿಫ್ಟ್‌ಗೆ ಹೋಗುವ ಮುಂಚೆ ನಾಲ್ಕೂ ಕಡೆಯಿಂದ ವಿಡಿಯೊ ಮಾಡಿ. "ಗೋಡೌನ್‌ಗೆ ಬಂದಾಗ ಕಲೆ ಇತ್ತು" ಅನ್ನುವ ಮೇಲ್ ಬರುವುದು ಇದರ ಮುಂದಿನ ವಾರ. ಬದಲಿ ಹಾಸಿಗೆ ಕೊಡುತ್ತಿದ್ದರೆ ಹಳೆಯದು ಹೋಗುವ ದಿನವೇ ಹೊಸದು ಬರಲಿ ಅಂತ ಮೊದಲೇ ಬರೆಸಿಕೊಳ್ಳಿ. ಹೊಸದಕ್ಕೆ ವಾರಂಟಿ ಮತ್ತೆ ಮೊದಲಿನಿಂದ ಶುರುವೋ, ಹಳೆಯದರ ಉಳಿದ ಅವಧಿಯಷ್ಟೇಯೋ ಅನ್ನುವುದನ್ನೂ ಅದೇ ಮೇಲ್‌ನಲ್ಲಿ ಕೇಳಿ. ರಿಫಂಡ್ ಆದರೆ ಎಷ್ಟು ದಿನದಲ್ಲಿ, ಯಾವ ಖಾತೆಗೆ ಅಂತ ಲಿಖಿತವಾಗಿ ಬಂದ ಮೇಲೆಯೇ ಹಾಸಿಗೆ ಕೆಳಗಿಳಿಸಿ.